ಹಳೇ ಗ್ರ್ಯಾಂಡ್ ಪಿಯಾನೋ ಹದಕ್ಕೆ ಬಂತೇ? ಲಕ್ಷ್ಮೀಪುರಂನಲ್ಲಿ ಎರಡೂವರೆ ದಿನದ ಆ್ಯಕ್ಷನ್ ಕೆಲಸ

ಟ್ಯೂನಿಂಗ್ ಆದ ಮೇಲೂ ಕೀ ಭಾರ, ಬೇಗ ಬೇಗ ಒತ್ತಿದರೆ ಎರಡನೇ ಪೆಟ್ಟು ಬೀಳುವುದಿಲ್ಲ ಅಂದರೆ ದೋಷ ತಂತಿಯದಲ್ಲ, ಆ್ಯಕ್ಷನ್ನಿನದು, ಅಂದರೆ ಕೀ ಒತ್ತಿದ್ದನ್ನು ಸುತ್ತಿಗೆಯ ಪೆಟ್ಟಾಗಿಸುವ ಒಳಗಿನ ಯಂತ್ರದ್ದು. ವೀಣೆ ಬಲ್ಲ ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಶ್ರುತಿ ಕೂಡಿಸುವುದು ಬೇರೆ, ಮೇಣದಲ್ಲಿ ಮೆಟ್ಟಿಲು ಕೂರಿಸಿ ಮೇಳ ಕಟ್ಟುವುದು ಬೇರೆ. 1945ರಲ್ಲೇ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದ ಮಹಾರಾಜ ಜಯಚಾಮರಾಜ ಒಡೆಯರ್ ಇದ್ದ ಊರಿದು. ಆದರೂ ಆ್ಯಕ್ಷನ್ ಬಿಚ್ಚುವವರನ್ನು ಬೆಂಗಳೂರಿನಿಂದ ಕರೆಸಬೇಕಾಯಿತು.

ವಾದ್ಯ 19ನೇ ಶತಮಾನದ್ದು. ಆ ಕಾಲದ ಅನೇಕ ಪಿಯಾನೋಗಳಂತೆ 88 ಅಲ್ಲ, 85 ಕೀ. ಆ್ಯಕ್ಷನ್ ಹೊರಗೆಳೆಯುವಾಗ ತಂತ್ರಜ್ಞರು ಒಂದು ಕೀಗೂ ಕೈ ತಾಗಿಸಲಿಲ್ಲ. ಒಂದು ಕೀ ಒತ್ತಿಹೋದರೂ ಸುತ್ತಿಗೆ ಮೇಲೆದ್ದು ಪಿನ್‌ಬ್ಲಾಕಿಗೆ (ಶ್ರುತಿ ಪಿನ್ನುಗಳನ್ನು ಹಿಡಿದ ಹಲಗೆ) ಸಿಕ್ಕಿ ಕಡ್ಡಿ ಮುರಿಯುತ್ತದೆ.

ಮೊದಲು ಫ್ಲಾಂಜ್ (ಕೀಲಿನ ತುಂಡು) ಸ್ಕ್ರೂ ಬಿಗಿ, ಆಮೇಲೆ ಆ ಕೀಲುಗಳಲ್ಲಿ ಬಿಗಿಹಿಡಿದ ಸೆಂಟರ್ ಪಿನ್‌ಗಳು. ಇಲ್ಲಿ ಎಣ್ಣೆ ಬಿಡುವವರೂ ಇದ್ದಾರೆ. ಪಿನ್ನಿನ ಸುತ್ತಲ ಬುಷಿಂಗ್ ಬಟ್ಟೆ ಅದನ್ನು ಹೀರಿ ಅಂಟಾಗುತ್ತದೆ, ಮುಂದೆ ಪಿನ್ನು, ಬಟ್ಟೆ ಎರಡನ್ನೂ ಬದಲಿಸಬೇಕು. ಇವರು ಆ ತಪ್ಪು ಮಾಡಲಿಲ್ಲ. ಆಮೇಲೆ ಕೀಗಳು ಕೂರುವ ಕೀಫ್ರೇಮನ್ನು ಬೆರಳಿನಿಂದ ತಟ್ಟಿ ನೋಡಿದರು. ಟಕಟಕ ಸದ್ದು ಬಂದ ಕಡೆ ಅದು ಕೆಳಗಿನ ಹಲಗೆಗೆ ಕೂತಿಲ್ಲ ಎಂದರ್ಥ. ಇದನ್ನು ಬಿಟ್ಟು ನೇರ ಸುತ್ತಿಗೆಯ ಎತ್ತರ ಹೊಂದಿಸುವ ಕ್ಯಾಪ್‌ಸ್ಟನ್ ತಿರುಗಿಸಿದರೆ ಮುಂದಿನ ಅಳತೆಯೆಲ್ಲ ನೀರಿನಲ್ಲಿ ಹೋಮ.

ಅಳತೆಗಳು: ಕೀ ಇಳಿತ 9.5 ಮಿ.ಮೀ., ಸುತ್ತಿಗೆಯಿಂದ ತಂತಿಗೆ 45, ಲೆಟ್-ಆಫ್ (ಸುತ್ತಿಗೆ ನೂಕಿನಿಂದ ಬಿಡಿಸಿಕೊಳ್ಳುವಾಗ ತಂತಿಗಿರುವ ದೂರ) ನಡುಭಾಗದಲ್ಲಿ 2, ಅಲ್ಲಿಂದ ಡ್ರಾಪ್ (ಸುತ್ತಿಗೆ ಕೆಳಗೆ ಜಾರುವಷ್ಟು) ಇನ್ನೊಂದೂವರೆ, ಮರಳುವ ಸುತ್ತಿಗೆಯನ್ನು ಬ್ಯಾಕ್‌ಚೆಕ್ ಎಂಬ ತಡೆ ಹಿಡಿಯುವುದು ತಂತಿಗಿಂತ ಸುಮಾರು 15 ಕೆಳಗೆ. ಹೊಸ ಪಿಯಾನೋಗೆ ಇಳಿತ ಸಾಮಾನ್ಯವಾಗಿ 10. ಅದನ್ನೇ ಇಲ್ಲಿ ಹೇರದೆ, ಮೊದಲು ಎರಡು ಕೀ ಮಾದರಿಗೆ ಹದ ಮಾಡಿ ನೋಡಿದ್ದು ಮೆಚ್ಚಬೇಕಾದ್ದು.

ನಿಜವಾದ ಕೈಚಳಕ ಕಂಡದ್ದು ಬೇಗ ಎರಡನೇ ಪೆಟ್ಟಿಗೆ ಅನುವು ಮಾಡುವ ರೆಪಿಟಿಷನ್ ಸ್ಪ್ರಿಂಗ್‌ನಲ್ಲಿ. ಸ್ಪ್ರಿಂಗ್ ತುದಿ ಜಾರುವ ತೋಡಿನಲ್ಲಿ ಹಳೇ ಜಿಡ್ಡು ಹಸಿರು ಕಿಲುಬಾಗಿ ಕೂತಿತ್ತು. ಚೂಪು ಮಾಡಿದ ಕಡ್ಡಿಯಿಂದ ಕೆರೆದು, ಗ್ರಾಫೈಟ್ ಉಜ್ಜಿ, ಆಮೇಲಷ್ಟೇ ಸ್ಪ್ರಿಂಗ್ ಬಾಗಿಸಿದರು. ಕೀ ಜೋರಾಗಿ ಒತ್ತಿ ಸುತ್ತಿಗೆಯನ್ನು ಬ್ಯಾಕ್‌ಚೆಕ್‌ನಲ್ಲಿ ಹಿಡಿಸಿ, ನಿಧಾನ ಸಡಿಲಿಸಿದರೆ ಸುತ್ತಿಗೆ ಕಣ್ಣಿಗೆ ಕಾಣುವಂತೆ ಮೆಲ್ಲಗೆ ಏಳಬೇಕು. ಚಿಮ್ಮಿದರೆ ಸ್ಪ್ರಿಂಗ್ ಹೆಚ್ಚು, ಜೋಡಿ ಪೆಟ್ಟು ಬೀಳುತ್ತದೆ. ಏಳದಿದ್ದರೆ ಜ್ಯಾಕ್ (ಸುತ್ತಿಗೆಯನ್ನು ನೂಕುವ ತುಂಡು) ನಕಲ್‌ನಡಿಗೆ (ಸುತ್ತಿಗೆ ಕಡ್ಡಿಯಡಿಯ ಚರ್ಮದ ಉಬ್ಬು) ಮರಳುವುದಿಲ್ಲ. 85ಕ್ಕೂ ಹೀಗೆ ನೋಡಿದರು.

ತಕರಾರು ಇಲ್ಲದಿಲ್ಲ. ಚಪ್ಪಟೆಯಾದ ನಕಲ್‌ಗಳ ಚರ್ಮದೊಳಗೆ ಉಲ್ಲನ್ ದಾರ ತೂರಿಸಿ ಉಬ್ಬಿಸಿದ್ದಾರೆ. ತಾತ್ಕಾಲಿಕ ಉಪಾಯ, ಹೊಸ ನಕಲ್ಲೇ ಹಾಕಬೇಕಿತ್ತು. ಕೆಲಸ ಜುಲೈಯಲ್ಲಿ ಆದ್ದರಿಂದ ಮರ, ಫೆಲ್ಟ್ ಎರಡೂ ಉಬ್ಬಿದ್ದವು. ಶಿವರಾತ್ರಿ ಹೊತ್ತಿಗೆ ಗಾಳಿ ಒಣಗಿದಾಗ ಸ್ಕ್ರೂ ಸಡಿಲಾಗಿ ಲೆಟ್-ಆಫ್ ಮತ್ತೆ ಸರಿಯುತ್ತದೆ. ಎರಡನೇ ಭೇಟಿಗೆ ಬೇರೆ ದುಡ್ಡು ಎನ್ನುತ್ತಾರೆ. ಅದನ್ನು ಮೊದಲೇ ಮಾತಾಡಿಕೊಳ್ಳಿ. ಸಾಧ್ಯವಾದರೆ ದಸರಾ ಕಳೆದ ಮೇಲೆ ಕರೆಸಿ.

ತಂತಿಯ ನಾದ ತಡೆಯುವ ಡ್ಯಾಂಪರ್ ಒಪ್ಪಂದದಲ್ಲಿ ಇರಲಿಲ್ಲ, ಮುಟ್ಟಲೂ ಇಲ್ಲ. ಸುತ್ತಿಗೆ ಅರ್ಧ ದಾರಿ ಬಂದಾಗ ಏಳಬೇಕಾದ ಡ್ಯಾಂಪರ್ ಎಡತುದಿಯ ಹದಿನೈದು ಕೀಗಳಲ್ಲಿ ಶುರುವಿನಲ್ಲೇ ಏಳುತ್ತಿದೆ. ಅಲ್ಲಿ ಮಾತ್ರ ಕೀ ಇನ್ನೂ ಭಾರ.