ಸರಸ್ವತಿಪುರಂ ಪಿಜಿ: ಊಟಕ್ಕೆ ನಾಲ್ಕೂವರೆ ಸ್ಟಾರ್, ಬಾಡಿಗೆ ಲೆಕ್ಕಕ್ಕೆ ಒಂದೇ

ಹನ್ನೊಂದು ತಿಂಗಳು ಇದ್ದು ಬಂದ ಮೇಲೆ ಬರೆಯುತ್ತಿದ್ದೇನೆ. ಪಿಜಿ ಹೆಸರು ಹಾಕುವುದಿಲ್ಲ, ಅಡ್ವಾನ್ಸ್ ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ಜಾಗ ಚೆನ್ನಾಗಿದೆ. ಮೈಸೂರು ವಿವಿಯ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ನಡೆದೇ ಹೋಗಬಹುದು. ಬೇಗ ಎದ್ದರೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಬಹುದು, ನಾನು ಎದ್ದಿದ್ದು ಒಟ್ಟು ನಾಲ್ಕು ಸಲ. ಸೋಲಾರ್ ಬಿಸಿನೀರು ಮೊದಲು ಎದ್ದವರಿಗೆ ಮಾತ್ರ. ವೈಫೈ ಬಗ್ಗೆ ಮಾತಾಡದಿದ್ದರೇ ಒಳ್ಳೆಯದು.

ಊಟ ಮಾತ್ರ ಸೂಪರ್. ಅಡುಗೆ ಆಂಟಿ ನಮ್ಮ ಮಂಡ್ಯ ಕಡೆಯವರು, ವಾರಕ್ಕೆರಡು ದಿನ ಮುದ್ದೆ, ಬಸ್ಸಾರು. ನನ್ನ ರೂಮ್‌ಮೇಟ್ ಟಾಂಜಾನಿಯಾದ ಹುಡುಗ, ಎಂಎಸ್ಸಿ ಮಾಡಲು ಬಂದವನು. ಮೊದಲ ದಿನ ಅವನ ತಟ್ಟೆಗೆ ಮುದ್ದೆ ಬಿದ್ದಾಗ ಏನು ಮಾಡ್ತಾನೋ ಅಂತ ಎಲ್ಲರೂ ಅವನನ್ನೇ ನೋಡುತ್ತಿದ್ದೆವು. ಅವನು ಸುಮ್ನೆ ಒಂದು ತುಂಡು ಮುರಿದು, ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಲ್ಲಿ ಒತ್ತಿ ಗುಳಿ ಮಾಡಿ, ಅದರಲ್ಲೇ ಸಾರು ಮೊಗೆದು ಬಾಯಿಗಿಟ್ಟ. ಅವರ ಊರಲ್ಲೂ ಇದೇ ಇದೆಯಂತೆ, ಮುಸುಕಿನ ಜೋಳದ ಹಿಟ್ಟಿನದು, ಬೆಳ್ಳಗಿರುತ್ತೆ, ಹೆಸರು ಉಗಾಲಿ. ಆಮೇಲೆ ಅಗಿಯಲು ಶುರು ಮಾಡಿದ ನೋಡಿ, ಆಂಟಿ ಅಡುಗೆಮನೆಯಿಂದಲೇ ಕೂಗಿದರು: "ಅಗೀಬೇಡ ಕಣಪ್ಪಾ, ನುಂಗು!"

ಈಗ ಬಾಡಿಗೆ ವಿಷಯ. ನನಗೆ ತಿಂಗಳಿಗೆ 7,000. ಅವನಿಗೆ 10,500. ಅದೇ ರೂಮು, ಅದೇ ಸಾರು, ಬಾಗಿಲು ಮುಚ್ಚದ ಅದೇ ಬೀರು. ಅಡ್ವಾನ್ಸ್ ನನಗೆ ಎರಡು ತಿಂಗಳದ್ದು, ಅವನಿಗೆ ಐದು. ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಕೇಂದ್ರದವರು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿದರು, ಆದರೆ ಅದು ಬರೀ ಮಾದರಿ, ನಮ್ಮ ಓನರ್ ಹತ್ತಿರ ಅದನ್ನು ಎತ್ತಿದರೆ ನಗುತ್ತಾರೆ.

ಯಾಕೆ ಸರ್ ಈ ರೇಟು ಅಂತ ಕೇಳಿದೆ. "ಫಾರಿನರ್ ಇಟ್ಟುಕೊಂಡರೆ ಪೊಲೀಸ್ ಪೇಪರ್ ಕೆಲಸ ಎಷ್ಟಿರುತ್ತೆ ಗೊತ್ತೇನಪ್ಪ? ಗೋಕುಲಂನಲ್ಲಿ ಯೋಗಕ್ಕೆ ಬರೋರು ಎಷ್ಟು ಕೊಡ್ತಾರೆ ಹೋಗಿ ಕೇಳು" ಅಂದರು. ಯೋಗಕ್ಕೆ ಬರುವವರು ಒಂದೆರಡು ತಿಂಗಳಿದ್ದು ಹೋಗುವವರು, ಇವನು ಎರಡು ವರ್ಷ ಓದಬೇಕಾದವನು, ಅಪ್ಪ ಕಳಿಸುವ ದುಡ್ಡಲ್ಲಿ. ಎರಡೂ ಒಂದೇನಾ?

ಪೇಪರ್ ಕೆಲಸ ಇರುವುದಂತೂ ನಿಜ. ವಿದೇಶದವರು ಬಂದು ಉಳಿದ 24 ಗಂಟೆಯೊಳಗೆ ಮನೆ ಓನರ್ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು, ಅದಕ್ಕೆ ಮೊದಲು ಫಾರ್ಮ್ ಸಿ ಅಂತಿದ್ದರು, 2025ರಿಂದ ಫಾರ್ಮ್ III. 180 ದಿನಕ್ಕಿಂತ ಜಾಸ್ತಿ ಅವಧಿಯ ಸ್ಟೂಡೆಂಟ್ ವೀಸಾದಲ್ಲಿ ಬಂದವರು 14 ದಿನದೊಳಗೆ ತಾವೂ ವಿದೇಶಿಯರ ನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಆಗಬೇಕು, ಅಲ್ಲಿ ವಿಳಾಸಕ್ಕೆ ದಾಖಲೆ ಕೇಳುತ್ತಾರೆ, ಅಂದರೆ ಮನೆಯವರು ಕೈಕೊಟ್ಟರೆ ಹುಡುಗ ಸಿಕ್ಕಿಬೀಳುತ್ತಾನೆ. ಇದೇ ತಲೆನೋವು ಬೇಡ ಅಂತ ಎಷ್ಟೋ ಮನೆಯವರು ಬಾಗಿಲಲ್ಲೇ ಇಲ್ಲ ಅಂದುಬಿಡುತ್ತಾರೆ. ಇವನಿಗೆ ವೀಸಾ ಬಂದಿದ್ದೇ ತಡ, ಇಲ್ಲಿ ಇಳಿಯುವ ಹೊತ್ತಿಗೆ ಒಳ್ಳೆ ರೂಮುಗಳೆಲ್ಲ ಭರ್ತಿ. ಆರು ಮನೆ ನೋಡಿ ಆರರಲ್ಲೂ ಇಲ್ಲ ಅನ್ನಿಸಿಕೊಂಡು ಬಂದವನು 10,500ಕ್ಕೆ ಚೌಕಾಸಿ ಮಾಡುತ್ತಾನಾ? ಓನರ್‌ಗೂ ಅದು ಗೊತ್ತಿತ್ತು.

ತಮಾಷೆ ಏನೆಂದರೆ ಆ ಫಾರ್ಮ್ ತುಂಬಿದ್ದು ಓನರ್ ಅಲ್ಲ, ನಾನು. ಓನರ್ ಲಾಗಿನ್ ಆಗಿ ಫೋನ್ ನನ್ನ ಕೈಗೆ ಕೊಟ್ಟರು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಭಾರತಕ್ಕೆ ಬಂದ ದಿನ, ಒಂದು ಫೋಟೋ. ಸೈಜ್ ಜಾಸ್ತಿ ಆಯ್ತು ಅಂತ ಫೋಟೋ ಎರಡು ಸಲ ವಾಪಸ್ ಬಂತು, ಅದೂ ಸೇರಿ ಇಪ್ಪತ್ತೈದು ನಿಮಿಷ. ಇಪ್ಪತ್ತೈದು ನಿಮಿಷಕ್ಕೆ ತಿಂಗಳು ತಿಂಗಳೂ 3,500!

ಆದರೂ ಈ ಓನರ್ ಜಾಗವಾದರೂ ಕೊಟ್ಟರು, ಅದಕ್ಕೇ ಒಂದು ಸ್ಟಾರ್. ವಿದೇಶದ ಸ್ನೇಹಿತರಿಗೆ ರೂಮು ಹುಡುಕುತ್ತಿದ್ದರೆ ಊಟ, ಫ್ಯಾನ್ ನೋಡುವ ಮೊದಲು ಫಾರ್ಮ್ III ಹಾಕುತ್ತೀರಾ ಅಂತ ಕೇಳಿ, ಅಡ್ವಾನ್ಸ್‌ಗೆ ರಸೀದಿ ಬರೆಸಿಕೊಳ್ಳಿ. ನನಗೆ ಬರೆಸಿಕೊಳ್ಳಬೇಕು ಅನ್ನುವುದೇ ಹೊಳೆಯಲಿಲ್ಲ.

ಹೋದ ವಾರ ಬಾಕಿ ಕೇಳಲು ಹೋಗಿದ್ದೆ. ಪೇಂಟಿಂಗ್ ಖರ್ಚು ಹಿಡಿಯಬೇಕು, ಮುಂದಿನ ತಿಂಗಳು ಬಾ ಅಂದರು ಓನರ್. ಆಂಟಿ ಮಾತ್ರ ಊಟ ಮಾಡಿಸದೆ ಬಿಡಲಿಲ್ಲ.