ಒಂದೇ ರಿಪೀಟರ್‌ನಲ್ಲಿ ಮೂರು ಡಿಜಿಟಲ್: ಡಿ-ಸ್ಟಾರ್, ಡಿಎಂಆರ್, ಫ್ಯೂಷನ್

ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಬಳಗದ ರಿಪೀಟರ್, ಅಂದರೆ ಒಬ್ಬರ ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರ, ವರ್ಷಗಟ್ಟಲೆ ಎಫ್‌ಎಂನಲ್ಲೇ ನಡೆದಿತ್ತು. ಡಿಜಿಟಲ್ ಮಾಡೋಣ ಎಂಬ ಮಾತು ಬಂದಾಗ ಒಬ್ಬೊಬ್ಬರದು ಒಂದೊಂದು ಹಟ. ಸರಿ, ಡಿ-ಸ್ಟಾರ್, ಡಿಎಂಆರ್, ಫ್ಯೂಷನ್ ಎಂಬ ಮೂರು ಡಿಜಿಟಲ್ ವಿಧಾನಗಳನ್ನೂ ಒಂದೊಂದು ತಿಂಗಳು ಹಾಕಿ ನೋಡಿಬಿಡೋಣ ಎಂದು ಹೊರಟೆವು. ಆಂಟೆನಾ ಅದೇ, ಕೇಬಲ್ ಅದೇ, ಒಂದೇ ಆಂಟೆನಾದಲ್ಲಿ ಕಳಿಸುವುದನ್ನೂ ಕೇಳುವುದನ್ನೂ ಬೇರ್ಪಡಿಸುವ ಡ್ಯುಪ್ಲೆಕ್ಸರ್ ಅದೇ. ನಾನು ಹೆಚ್ಚು ಗಮನಿಸಿದ್ದು ಒಂದೇ ವಿಷಯ. ಹೊಸಬರು ರೇಡಿಯೋ ತಂದು ಪಿಟಿಟಿ (ಮಾತಾಡುವ ಗುಂಡಿ) ಒತ್ತಿದರೆ ದನಿ ಆ ಕಡೆ ಕೇಳಿಸುತ್ತದೋ ಇಲ್ಲವೋ?

ಮೊದಲು ಡಿ-ಸ್ಟಾರ್. ಜಪಾನಿನ ಹ್ಯಾಮ್ ಸಂಘ ಜೆಎಆರ್‌ಎಲ್ ರೂಪಿಸಿದ್ದು. ಹ್ಯಾಮ್‌ಗಳಿಗೆಂದೇ ಮಾಡಿದ್ದು ಎಂಬುದು ಬಳಸುವಾಗಲೇ ಗೊತ್ತಾಗುತ್ತದೆ, ಇದರಲ್ಲಿ ಎಲ್ಲವೂ ಕಾಲ್‌ಸೈನ್ (ಪ್ರತಿ ಹ್ಯಾಮ್‌ಗೂ ರಿಪೀಟರ್‌ಗೂ ಇರುವ ಗುರುತಿನ ಹೆಸರು) ಸುತ್ತ ತಿರುಗುತ್ತದೆ. ಸೆಕೆಂಡಿಗೆ 4800 ಬಿಟ್. ಅದರಲ್ಲಿ 3600 ದನಿಗೆ, ತಪ್ಪು ತಿದ್ದುವ ಬಿಟ್‌ಗಳೂ ಅದರಲ್ಲೇ ಸೇರಿವೆ. ಉಳಿದ 1200 ಡೇಟಾಗೆ. ಮಾತಾಡುತ್ತಿರುವಾಗಲೇ ನೀವು ಎಲ್ಲಿದ್ದೀರಿ ಎಂಬ ವಿವರವೂ ಚಿಕ್ಕ ಸಂದೇಶವೂ ಹೋಗುತ್ತವೆ. ಇದು ನನಗೆ ತುಂಬ ಇಷ್ಟವಾಯಿತು.

ಆದರೆ ಒಬ್ಬ ಗೆಳೆಯರು ಎರಡು ದಿನ ಕರೆದರೂ ರಿಪೀಟರ್ ಓಗೊಡಲಿಲ್ಲ. ಅವರ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ತೆಗೆದು ಒಂದೊಂದೇ ಅಕ್ಷರ ನೋಡುತ್ತಾ ಹೋದೆ. ರಿಪೀಟರ್‌ನ ಕಾಲ್‌ಸೈನ್ ಆರು ಅಕ್ಷರ. ಆಮೇಲೆ ಒಂದು ಜಾಗ ಖಾಲಿ ಬಿಟ್ಟು, ಎಂಟನೆಯದರಲ್ಲಿ ರಿಪೀಟರ್‌ನ ಬ್ಯಾಂಡ್ ತಿಳಿಸುವ 'ಬಿ' ಎಂಬ ಅಕ್ಷರ ಬರಬೇಕು. ಅವರು ಏಳನೆಯದರಲ್ಲೇ ಹಾಕಿದ್ದರು. ಒಂದೇ ಒಂದು ಖಾಲಿ ಜಾಗ! ಈಗಿನ ಸೆಟ್‌ಗಳಲ್ಲಿ ರಿಪೀಟರ್ ಪಟ್ಟಿಯಿಂದ ಆರಿಸಿಕೊಂಡರೆ ಸಾಕು, ಹಳೆಯ ಸೆಟ್‌ನವರಿಗೆ ಮಾತ್ರ ಈ ಪಾಡು ತಪ್ಪಿದ್ದಲ್ಲ.

ಎರಡನೆಯದು ಡಿಎಂಆರ್. ಇದು ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಇಟಿಎಸ್‌ಐ ರೂಪಿಸಿದ ಮಾನದಂಡ, ಮೂಲತಃ ವ್ಯವಹಾರದ ರೇಡಿಯೋಗಳಿಗಾಗಿ ಬಂದದ್ದು. ಇದರ ದೊಡ್ಡ ಬಲ ಟೈಮ್ ಸ್ಲಾಟ್. 12.5 ಕಿಲೋಹರ್ಟ್ಸ್ ಚಾನೆಲ್ ಒಂದೇ, ಆದರೆ 30 ಮಿಲಿಸೆಕೆಂಡಿನ ಎರಡು ಸ್ಲಾಟ್ ಸರದಿಯಲ್ಲಿ ಓಡುತ್ತವೆ. ಹಾಗಾಗಿ ಒಂದೇ ರಿಪೀಟರ್ ಮೇಲೆ ಒಂದೇ ಹೊತ್ತಿಗೆ ಎರಡು ಮಾತುಕತೆ ನಡೆಯುತ್ತದೆ. ಒಂದು ಸ್ಲಾಟ್ ಹೊರಗಿನ ನೆಟ್‌ವರ್ಕ್‌ಗೆ ಕೊಟ್ಟೆವು, ಇನ್ನೊಂದನ್ನು ನಮ್ಮವರಿಗೇ ಇಟ್ಟುಕೊಂಡೆವು. ಹ್ಯಾಂಡಿ ಅರ್ಧ ಹೊತ್ತು ಮಾತ್ರ ಟ್ರಾನ್ಸ್‌ಮಿಟ್ ಮಾಡುವುದರಿಂದ ಬ್ಯಾಟರಿಯೂ ಜಾಸ್ತಿ ಬರುತ್ತದೆ. ಸೆಟ್ ಮಾಡುವ ಕಂಪನಿಗಳಂತೂ ಬೇಕಾದಷ್ಟಿವೆ.

ತೊಡಕು ಇರುವುದು ಕೋಡ್‌ಪ್ಲಗ್‌ನಲ್ಲಿ, ಅಂದರೆ ರೇಡಿಯೋಗೆ ತುಂಬುವ ಸೆಟ್ಟಿಂಗ್‌ಗಳ ಫೈಲಿನಲ್ಲಿ. ಕಲರ್ ಕೋಡ್ (ರಿಪೀಟರ್ ಗುರುತಿಸುವ ಸಂಖ್ಯೆ), ಸ್ಲಾಟ್, ಟಾಕ್‌ಗ್ರೂಪ್ (ಯಾವ ಗುಂಪಿನೊಡನೆ ಮಾತು ಎಂಬುದು), ನಿಮ್ಮ ಐಡಿ ಸಂಖ್ಯೆ, ಎಲ್ಲವೂ ಸರಿ ಕೂರಬೇಕು. ಮೊದಲ ಸಂಜೆ ನನ್ನ ಹ್ಯಾಂಡಿಯಲ್ಲಿ ಹಸಿರು ದೀಪ ಚೆನ್ನಾಗಿ ಹೊತ್ತಿಕೊಳ್ಳುತ್ತಿತ್ತು, ದನಿ ಮಾತ್ರ ಇಲ್ಲ. ಸ್ಪೀಕರ್ ಹೋಯಿತೇನೋ ಎಂದುಕೊಂಡೆ. ಕೊನೆಗೆ ನೋಡಿದರೆ ಕೇಳಬೇಕಾದ ಗುಂಪುಗಳ ಪಟ್ಟಿಯಲ್ಲಿ ಆ ಟಾಕ್‌ಗ್ರೂಪೇ ಇರಲಿಲ್ಲ. ಡಿಎಂಆರ್ ಹಾಕುವ ಬಳಗದಲ್ಲಿ ಎಲ್ಲರಿಗೂ ಕೋಡ್‌ಪ್ಲಗ್ ಮಾಡಿಕೊಡುವ ತಾಳ್ಮೆಯವರು ಒಬ್ಬರಾದರೂ ಇರಲೇಬೇಕು.

ಮೂರನೆಯದು ಯೇಸು (Yaesu) ಕಂಪನಿಯ ಸಿಸ್ಟಮ್ ಫ್ಯೂಷನ್, ಸಿ4ಎಫ್‌ಎಂ ಎಂಬ ಡಿಜಿಟಲ್ ವಿಧಾನ. ಫ್ರೀಕ್ವೆನ್ಸಿ, ಶಿಫ್ಟ್ (ಕಳಿಸುವ, ಕೇಳುವ ಫ್ರೀಕ್ವೆನ್ಸಿಗಳ ಅಂತರ), ಟೋನ್ (ಎಫ್‌ಎಂ ದನಿಯ ಜೊತೆ ಹೋಗುವ ಗುರುತಿನ ನಾದ) ಹಾಕಿದರೆ ಮುಗಿಯಿತು. ಬರುತ್ತಿರುವುದು ಎಫ್‌ಎಂ ಆದರೆ ಎಫ್‌ಎಂ, ಡಿಜಿಟಲ್ ಆದರೆ ಡಿಜಿಟಲ್, ರಿಪೀಟರ್ ತಾನೇ ಗುರುತಿಸಿಕೊಳ್ಳುತ್ತದೆ. ಪೂರ್ತಿ ಬಿಟ್‌ಗಳನ್ನೂ ದನಿಗೇ ಕೊಡುವ ವಿಡಬ್ಲ್ಯೂ ಮೋಡ್‌ನಲ್ಲಿ ಕೇಳಿದ ದನಿ ಮೂರರಲ್ಲೂ ಚೆಂದ. ಕೊರತೆ ಎಂದರೆ ಸೆಟ್‌ಗಳಿಗೆ ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಬೇಕು. ಇನ್ನೊಂದು, ಡಿಜಿಟಲ್ ಮಾತು ನಡೆಯುವಾಗ ಎಫ್‌ಎಂ ಸೆಟ್‌ಗಳಲ್ಲಿ ಬರೀ ಗೊರಗೊರ. ಹೊರಗೆ ಬರುವುದು ಸದಾ ಎಫ್‌ಎಂ ಇರಲಿ ಎಂದು ರಿಪೀಟರ್‌ನಲ್ಲಿ ಹಾಕಬಹುದು. ಆಗ ಎಲ್ಲರಿಗೂ ಕೇಳುತ್ತದೆ, ಆದರೆ ಪರದೆಯ ಮೇಲೆ ಕಾಲ್‌ಸೈನ್ ಕಾಣುವುದಿಲ್ಲ.

ಸಿಗ್ನಲ್ ಕುಂದುವ ಕಡೆ ಮೂರರ ನಡುವೆ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತಗ್ಗಿನ ರಸ್ತೆಗೆ ಇಳಿದಾಗ ಎಫ್‌ಎಂ ಮೊರೆಯುತ್ತಲೇ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಡಿಜಿಟಲ್ ಕೊನೆಯವರೆಗೂ ಸ್ವಚ್ಛವಾಗಿದ್ದು, ಆಮೇಲೆ ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ ಗಡಗಡ ಎಂದು ಥಟ್ಟನೆ ನಿಂತುಹೋಗುತ್ತಿತ್ತು.

ಎಲ್ಲ ಮೋಡ್‌ಗಳನ್ನೂ ನಡೆಸುವ ಎಂಎಂಡಿವಿಎಂ ಬೋರ್ಡ್ ಇದೆಯಲ್ವಾ ಎಂದು ಕೇಳಬಹುದು. ಇದೆ, ಒಳ್ಳೆಯದೇ. ಆದರೆ ಒಂದು ಹೊತ್ತಿಗೆ ಒಂದೇ ಮೋಡ್. ಡಿ-ಸ್ಟಾರ್‌ನವರ ಮಾತು ಮುಗಿಯುವವರೆಗೆ ಡಿಎಂಆರ್‌ನವರು ಕಾಯಬೇಕು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದೂ ಇಲ್ಲ.

ನಮ್ಮಲ್ಲಿ ಹಳೆಯ ಎಫ್‌ಎಂ ಸೆಟ್ ಇಟ್ಟುಕೊಂಡ ಹಿರಿಯರೇ ಜಾಸ್ತಿ. ಅವರನ್ನು ಬಿಟ್ಟು ರಿಪೀಟರ್ ನಡೆಸಲು ನನಗೆ ಮನಸ್ಸಿಲ್ಲ, ಹಾಗಾಗಿ ನನ್ನ ಓಟು ಫ್ಯೂಷನ್‌ಗೆ. ಎಲ್ಲರೂ ಹೊಸ ಸೆಟ್ ಕೊಳ್ಳುವ ಬಳಗವಾಗಿದ್ದರೆ ಎರಡು ಸ್ಲಾಟ್‌ಗಾಗಿ ಡಿಎಂಆರ್ ಎನ್ನುತ್ತಿದ್ದೆ. ಬಳಗದವರೂ ಒಪ್ಪಿದರು. ಮೊದಲ ವಾರ ಪೂರ್ತಿ ನಾನು ಮಾಡಿದ್ದು ಒಂದೇ ಕೆಲಸ. ಆ ಗೊರಗೊರ ಕೇಳಿಸದಿರಲಿ ಎಂದು ಪ್ರತಿಯೊಬ್ಬರ ಹಳೆಯ ಸೆಟ್‌ನಲ್ಲೂ ಟೋನ್ ಸ್ಕ್ವೆಲ್ಚ್ (ಸರಿಯಾದ ಟೋನ್ ಬಂದಾಗ ಮಾತ್ರ ದನಿ ಬಿಡುವ ಏರ್ಪಾಡು) ಹಾಕಿಕೊಟ್ಟೆ.