ಓವ್ಯುಲೇಶನ್ ಕಿಟ್ ಅಂತ ಪ್ರೆಗ್ನೆನ್ಸಿ ಪಟ್ಟಿ ಕೊಡ್ತಾರೆ, ಕವರ್ ಓದದೆ ದುಡ್ಡು ಕೊಡ್ಬೇಡಿ

ಕುಶಾಲನಗರ, ಮಡಿಕೇರಿ ಕಡೆ ಮೆಡಿಕಲ್‌ನಲ್ಲಿ ಓವ್ಯುಲೇಶನ್ ಕಿಟ್ (ಅಂಡ ಬಿಡುಗಡೆ ಯಾವಾಗ ಅಂತ ಮೂತ್ರದಲ್ಲಿ ನೋಡೋ ಟೆಸ್ಟ್ ಪಟ್ಟಿ) ಕೇಳೋರು ಇದನ್ನ ಓದಿ.

"ಬಾಕ್ಸ್ ಇಲ್ಲ, ಬಿಡಿ ಪಟ್ಟಿ ಇದೆ" ಅಂದ್ರು ನನಗೆ ಅಂಗಡಿಯವರು. ಏಳಕ್ಕೆ 420 ರೂಪಾಯಿ. ಪೇಪರ್‌ನಲ್ಲಿ ಸುತ್ತಿ ಕೈಗಿಟ್ರು. ಹಿಂದೆ ನಾಲ್ಕು ಜನ ಗಂಡಸರು ನಿಂತಿರೋವಾಗ ಬಿಚ್ಚಿ ಓದೋದು ಹೇಗೆ? ಆ ನಾಚಿಕೆಯೇ ಇವರ ಬಂಡವಾಳ. "ಬೆಳಿಗ್ಗೆ ಎದ್ದ ಕೂಡಲೇ ನೋಡಿ" ಅಂದ್ರಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. ಬೆಳಗಿನ ಮೊದಲ ಮೂತ್ರ ಬೇಕಾಗೋದು ಪ್ರೆಗ್ನೆನ್ಸಿ ಟೆಸ್ಟಿಗೆ. ಅಂಡ ಬಿಡುಗಡೆಗೆ ಮುಂಚೆ ಏರೋ ಎಲ್‌ಎಚ್ ಹಾರ್ಮೋನು ಮೂತ್ರದಲ್ಲಿ ಸರಿಯಾಗಿ ಸಿಗೋದು ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ.

ನನ್ನದು 32 ದಿನದ ಮುಟ್ಟಿನ ಚಕ್ರ, ಹಾಗಾಗಿ 15ನೇ ದಿನದಿಂದ ಶುರು. ದಿನಾ ಒಂದೇ ಗೆರೆ. 17ನೇ ದಿನ ಬಿಳಿಸೆರಗು ಹಸಿ ಮೊಟ್ಟೆಯ ಬಿಳಿಭಾಗದ ಹಾಗೆ ತೆಳ್ಳಗೆ, ಎರಡು ಬೆರಳ ಮಧ್ಯೆ ಎಳೆದರೆ ಎರಡು ಇಂಚು ಬಂದರೂ ತುಂಡಾಗಲಿಲ್ಲ. ಅಂಡ ಬಿಡುಗಡೆ ಹತ್ತಿರ ಬಂತು ಅನ್ನೋಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಾ? ಆದ್ರೂ ಪಟ್ಟಿಯನ್ನೇ ನಂಬಿದ್ದು! ಆ ತಿಂಗಳು ಹೋಯ್ತು. ಏಳನೇ ಕವರ್ ಹರಿಯುವಾಗ ಅಂಚಲ್ಲಿ ಸಣ್ಣ ಅಕ್ಷರ ಕಾಣಿಸ್ತು: ಎಚ್‌ಸಿಜಿ. ಗರ್ಭ ನಿಂತ ಮೇಲೆ ಬರೋ ಹಾರ್ಮೋನು. ಎಲ್‌ಎಚ್ ಎಷ್ಟೇ ಏರಿದ್ರೂ ಅದ್ರಲ್ಲಿ ಎರಡನೇ ಗೆರೆ ಬರಲ್ಲ.

ವಾಪಸ್ ತಗೊಂಡು ಹೋದ್ರೆ, "ಎರಡೂ ಒಂದೇ ಅಕ್ಕ, ಕಂಪನಿ ಬೇರೆ ಅಷ್ಟೇ." ಒಂದೇನಾ? "ಒಡೆದ ಮಾಲು ನಾವು ತಗೊಳ್ಳಲ್ಲ." ಬಿಲ್ ಕೇಳಿದ್ರೆ, "ಇಷ್ಟಕ್ಕೆಲ್ಲಾ ಬಿಲ್ಲಾ?" ಅಂತ ನಗು ಬೇರೆ.

ತಗೊಳ್ಳೋದಾದ್ರೆ ಕವರ್ ಮೇಲೆ ಎಲ್‌ಎಚ್ ಅಂತ ಇರಲೇಬೇಕು, ಎಕ್ಸ್‌ಪೈರಿ ಡೇಟೂ. ನಮ್ಮದು ಬೀರುವಲ್ಲಿಟ್ಟ ಬಟ್ಟೆಗೇ ಬೂಸ್ಟು ಹಿಡಿಯೋ ಊರು, ಸೀಲ್ ಬಿಟ್ಟ ಕವರ್ ಮುಟ್ಟಬೇಡಿ, ತೇವಕ್ಕೆ ಪಟ್ಟಿ ಕೆಡುತ್ತೆ. ಟೆಸ್ಟಿಗೆ ಎರಡು ಗಂಟೆ ಮುಂಚಿನಿಂದ ಜಾಸ್ತಿ ನೀರು ಕುಡೀಬೇಡಿ. ಮಸುಕು ಗೆರೆ ಲೆಕ್ಕಕ್ಕಿಲ್ಲ, ಟೆಸ್ಟ್ ಗೆರೆ ಕಂಟ್ರೋಲ್ ಗೆರೆಯಷ್ಟೇ (ಪಟ್ಟಿ ಕೆಲಸ ಮಾಡ್ತಿದೆ ಅಂತ ತೋರಿಸೋ ಗೆರೆ ಅದು) ಅಥವಾ ಅದಕ್ಕಿಂತ ಗಾಢ ಇದ್ರೆ ಮಾತ್ರ ಪಾಸಿಟಿವ್. ಅಲ್ಲಿಂದ ಸುಮಾರು 24ರಿಂದ 36 ಗಂಟೆಯೊಳಗೆ ಅಂಡ ಬಿಡುಗಡೆ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಬಿಡುಗಡೆ ಸರಿಯಾಗಿ ಆಗದಿರೋ ತೊಂದರೆ) ಇದ್ರೆ ಸುಮ್ಮಸುಮ್ಮನೆ ಪಾಸಿಟಿವ್ ತೋರಿಸಬಹುದು, ಡಾಕ್ಟರ್ ಹತ್ರ ಸ್ಕ್ಯಾನ್ ಮಾಡಿಸೋದೇ ವಾಸಿ. ಥರ್ಮಾಮೀಟರ್ ನೆಚ್ಚಿಕೊಂಡು ಕೂರಬೇಡಿ, ಮೈಬಿಸಿ ಏರೋದು ಅಂಡ ಹೊರಬಿದ್ದ ಮೇಲೆ, ಅದೂ ಅರ್ಧ ಡಿಗ್ರಿ ಸೆಲ್ಸಿಯಸ್‌ನೊಳಗೆ.

ಅಂಗಡಿಯವ ಪೇಪರ್ ಸುತ್ತೋಕೆ ಹೊರಟ್ರೆ ಕೈ ಅಡ್ಡ ಹಿಡೀರಿ. ಯಾರು ನೋಡಿದ್ರೂ ನೋಡ್ಲಿ, ಅಲ್ಲೇ ಕೌಂಟರ್ ಮೇಲಿಟ್ಟು ಓದಿ.